ಮಣಿಕಟ್ಟಿನಲ್ಲಿ ಆಗುವ ತಡ



ಕೈಯಲ್ಲಿ ಏನಾದರೂ ಹಿಡಿದಿದ್ದರೆ ಒಂದು ಗಳಿಗೆ ಕೆಳಗಿಡಿ. ಎಡಗೈಯನ್ನು ಅಂಗೈ ಮೇಲೆ ಬರುವಂತೆ ತೊಡೆಯ ಮೇಲೆ ಇಟ್ಟುಕೊಳ್ಳಿ. ಗಡಿಯಾರ ಕಟ್ಟುವ ಜಾಗವೇ ಮಣಿಕಟ್ಟು. ಅಲ್ಲಿ ಚರ್ಮದ ಮೇಲೆ ಎರಡು ಮೂರು ಅಡ್ಡಗೆರೆ ಇರುತ್ತವೆ. ಅಂಗೈಗೆ ಹತ್ತಿರದ ಗೆರೆಯನ್ನು ಹಿಡಿದು, ಅಂಗೈಯ ಕಡೆಗೆ ಬಲಗೈಯ ಎರಡು ಬೆರಳನ್ನು ಜೋಡಿಸಿ ಅಡ್ಡಲಾಗಿ ಇಡಿ. ಈಗ ಆ ಎರಡು ಬೆರಳಿನ ಅಡಿಯಲ್ಲಿ, ಚರ್ಮದಿಂದ ಸ್ವಲ್ಪವೇ ಒಳಗೆ, ಒಂದು ಸುರಂಗವಿದೆ.

ಸುರಂಗದ ತಳವೂ ಪಕ್ಕದ ಗೋಡೆಗಳೂ ಮೂಳೆಯವು. ಅಲ್ಲಿ 8 ಚಿಕ್ಕ ಮೂಳೆಗಳು ಕಮಾನಾಗಿ ಜೋಡಿಕೊಂಡಿವೆ. ಮೇಲಿನ ಮುಚ್ಚಿಗೆ ಮಾತ್ರ ಗಟ್ಟಿ ನಾರಿನ ಪಟ್ಟಿ. ಬೆರಳುಗಳನ್ನು ಮಡಿಸುವ 9 ಸ್ನಾಯುರಜ್ಜುಗಳು ಇದರೊಳಗೆ ಹಾದುಹೋಗುತ್ತವೆ. ಅವುಗಳ ಜೊತೆಗೆ, ಮುಚ್ಚಿಗೆಗೆ ತಾಗಿಕೊಂಡು, ಒಂದೇ ಒಂದು ನರ. ಅದರ ಹೆಸರು ಮೀಡಿಯನ್ ನರ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರದ ಬೆರಳಿನ ಅರ್ಧದಷ್ಟು ಭಾಗಕ್ಕೆ ಸ್ಪರ್ಶಜ್ಞಾನ ಕೊಡುವುದು ಇದೇ ನರ. ಹೆಬ್ಬೆರಳಿನ ಬುಡದಲ್ಲಿರುವ ದಪ್ಪ ಮಾಂಸಖಂಡವೂ ಬಹುಮಟ್ಟಿಗೆ ಇದರ ಅಪ್ಪಣೆಯಲ್ಲೇ ಇದೆ. ಕಿರುಬೆರಳಿಗೂ ಇದಕ್ಕೂ ಸಂಬಂಧವಿಲ್ಲ. ಇದೊಂದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಸುರಂಗ ಹಿಗ್ಗುವುದಿಲ್ಲ. ಒಳಗಿನ ರಜ್ಜುಗಳ ಪೊರೆ ಊದಿಕೊಂಡರೆ ಒತ್ತಡವೆಲ್ಲ ಬೀಳುವುದು ಮೆತ್ತನೆಯ ನರದ ಮೇಲೆ. ಆಗ ಬೆರಳು ಜೋಮು ಹಿಡಿಯುತ್ತದೆ. ಚುಮುಚುಮು ಎನ್ನುತ್ತದೆ. ಕೆಲವರಿಗೆ ನೋವು ಮೊಣಕೈವರೆಗೂ ಏರುತ್ತದೆ. ಈ ತೊಂದರೆಗೆ ಕಾರ್ಪಲ್ ಟನಲ್ ಸಿಂಡ್ರೋಮ್ ಎಂದು ಹೆಸರು. ನಡುವಯಸ್ಸಿನ ಹೆಂಗಸರಲ್ಲಿ ಹೆಚ್ಚು. ಬಸಿರಿಯರಲ್ಲಿ, ಥೈರಾಯ್ಡ್ ಕಡಿಮೆಯಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಕೀಲುವಾತ ಇರುವವರಲ್ಲಿ ಕಾಣುತ್ತದೆ. ಬಲ ಹಾಕಿ ಮತ್ತೆ ಮತ್ತೆ ಮಣಿಕಟ್ಟು ಬಗ್ಗಿಸುವ ಕೆಲಸದವರಿಗೂ, ಅದುರುವ ಯಂತ್ರ ಹಿಡಿದು ದುಡಿಯುವವರಿಗೂ ಬರುತ್ತದೆ. ಕಂಪ್ಯೂಟರ್ ಒತ್ತಿ ಒತ್ತಿಯೇ ಇದು ಬರುತ್ತದೆ ಎಂದು ನಂಬಿದವರು ಬಹಳ. ಆ ನಂಬಿಕೆಗೆ ಇರುವ ಆಧಾರ ಅಷ್ಟು ಗಟ್ಟಿಯಲ್ಲ.

ಇವತ್ತಿನ ನನ್ನ ಮಾತು ಇದನ್ನು ಪತ್ತೆಹಚ್ಚುವ ಒಂದು ಪರೀಕ್ಷೆಯ ಬಗ್ಗೆ. ವೈದ್ಯರು ಅದನ್ನು ನರ್ವ್ ಕಂಡಕ್ಷನ್ ಟೆಸ್ಟ್ ಎಂದು ಚೀಟಿಯಲ್ಲಿ ಬರೆಯುತ್ತಾರೆ. ಚೀಟಿ ಹಿಡಿದು ಬಂದವರು ಕರೆಂಟ್ ಟೆಸ್ಟ್ ಎನ್ನುತ್ತಾರೆ. ಎರಡೂ ಸರಿಯೇ. ನರದಲ್ಲಿ ಸಂದೇಶ ಎಷ್ಟು ಬೇಗ ಹರಿಯುತ್ತದೆ ಎಂದು ಅಳೆಯುವ ಪರೀಕ್ಷೆ ಇದು. ಅಳೆಯುವುದಕ್ಕೆ ಬಳಸುವುದು ಚೂರೇ ಚೂರು ವಿದ್ಯುತ್ತು.

ಮಲೆನಾಡಿನ ಕಡೆಯ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ಐವತ್ತರ ಹತ್ತಿರದ ವಯಸ್ಸು. ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರು. ಇಂಥವರ ಜೊತೆ ನಮ್ಮ ಮಾತುಕತೆ ಹೆಚ್ಚುಕಡಿಮೆ ಹೀಗೆ ನಡೆಯುತ್ತದೆ.

"ಜೋಮು ಯಾವಾಗ ಹಿಡಿಯುತ್ತಮ್ಮ?"

"ರಾತ್ರಿ ಡಾಕ್ಟ್ರೇ. ಎರಡು ಗಂಟೆ ಹೊತ್ತಿಗೆ ಎಚ್ಚರಾಗಿಬಿಡುತ್ತೆ. ಕೈ ನಂದಲ್ಲ ಅನ್ನಿಸುತ್ತೆ."

"ಆಗ ಏನು ಮಾಡ್ತೀರಿ?"

"ಎದ್ದು ಕೂತು ಕೈ ಕೊಡವ್ತೀನಿ. ಸ್ವಲ್ಪ ಹೊತ್ತಿಗೆ ಸರಿ ಹೋಗುತ್ತೆ."

"ಯಾವ ಯಾವ ಬೆರಳು?"

"ಎಲ್ಲಾನೂ." ಆಮೇಲೆ ಒಂದೊಂದೇ ಬೆರಳು ಮುಟ್ಟಿ ನೋಡಿಕೊಂಡು, "ಕಿರುಬೆರಳಿಗೆ ಅಷ್ಟಿಲ್ಲ ಅನ್ನಿಸುತ್ತೆ."

ಪತ್ತೆದಾರಿಯ ಅರ್ಧ ಕೆಲಸ ಇಲ್ಲಿಗೇ ಮುಗಿಯಿತು. ರಾತ್ರಿ ಎಚ್ಚರವಾಗುವುದು, ಕೈ ಕೊಡವಿದರೆ ಹಗುರಾಗುವುದು, ಕಿರುಬೆರಳು ಪಾರಾಗಿರುವುದು. ಈ ಮೂರು ಮಾತನ್ನು ಯಂತ್ರ ಹೇಳಲಾರದು. ರೋಗಿಯೇ ಹೇಳಬೇಕು, ವೈದ್ಯ ಕೇಳಬೇಕು. ಆದರೆ ಆ ತಾಯಿ ನಮ್ಮ ಬಳಿ ಬರುವ ಹೊತ್ತಿಗೆ ಒಂದು ವರ್ಷ ಕಳೆದಿರುತ್ತದೆ. ಜೋಮು ಕತ್ತಿನಿಂದ ಬಂದಿರಬಹುದೆಂದು ಕತ್ತಿನ ಎಕ್ಸ್‌ರೇ ಆಗಿರುತ್ತದೆ. ಐವತ್ತು ದಾಟಿದ ಯಾರ ಕತ್ತಿನ ಎಕ್ಸ್‌ರೇ ತೆಗೆದರೂ ಸ್ವಲ್ಪ ಸವೆತ ಕಾಣುವುದು ಸಹಜ. ಸವೆತ ಕಂಡಮೇಲೆ ಕುತ್ತಿಗೆಗೆ ಪಟ್ಟಿ ಬಂದಿರುತ್ತದೆ. ಅದರ ಜೊತೆಗೆ ನರಕ್ಕೆ ಶಕ್ತಿ ಕೊಡುವ ಮಾತ್ರೆಗಳ ಚೀಟಿ. ಬಿ12 ಕೊರತೆ ಇದ್ದವರಿಗೆ ಆ ಮಾತ್ರೆ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಯಾವ ವಿಟಮಿನ್ನೂ ಸುರಂಗದ ಮುಚ್ಚಿಗೆಯನ್ನು ಸಡಿಲ ಮಾಡಲಾರದು.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ದಾರಿ. ಅದರಲ್ಲಿ ಒಂದು ನರ. ನರ ಒತ್ತಿಕೊಂಡರೆ ಬೆರಳು ಜೋಮು.

ತೊಡಕು ಇರುವುದು ಇಲ್ಲೇ. ಜೋಮು ಗೊತ್ತಾಗುವುದು ಬೆರಳಿನಲ್ಲಿ. ತಪ್ಪು ಬೆರಳಿನಲ್ಲಿಲ್ಲ. ಬೆರಳಿನಿಂದ ಮಿದುಳಿಗೆ ಹೋಗುವ ದಾರಿ ಉದ್ದ. ಮಣಿಕಟ್ಟು, ಮುಂಗೈ, ಮೊಣಕೈ, ತೋಳು, ಕಂಕುಳು, ಕತ್ತು, ಬೆನ್ನುಹುರಿ. ಎಲ್ಲಿ ಒತ್ತಿದರೂ ದೂರು ಬರುವುದು ಬೆರಳಿನಿಂದಲೇ. ನಾವು ಕೇಳಬೇಕಾದ ಪ್ರಶ್ನೆ ಒಂದೇ: ಎಲ್ಲಿ? ನರದ ಪರೀಕ್ಷೆ ಹುಟ್ಟಿದ್ದು ಈ ಪ್ರಶ್ನೆಗಾಗಿ ಅಲ್ಲ. ಆದರೆ ಈ ಪ್ರಶ್ನೆಗೆ ಅದು ಕೊಡುವಷ್ಟು ಚೆನ್ನಾದ ಉತ್ತರ ಬೇರೆ ಪರೀಕ್ಷೆಗಳಿಂದ ಸಿಗುವುದು ಕಷ್ಟ.

ಅದು ಹುಟ್ಟಿದ ಕಥೆ ಹೇಳಬೇಕು. ಇದು 1850ರ ಮಾತು. ಆಗಿನ ಪ್ರಷ್ಯಾದ ಕೊನಿಗ್ಸ್‌ಬರ್ಗ್ ಎಂಬ ಊರು. ಈಗ ಅದು ರಷ್ಯಾದಲ್ಲಿದೆ, ಹೆಸರು ಕಲಿನಿನ್‌ಗ್ರಾಡ್. ಅಲ್ಲಿ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ. ವಯಸ್ಸು ಇನ್ನೂ ಮೂವತ್ತು ತುಂಬಿರಲಿಲ್ಲ. ಅವನ ಗುರು ಯೋಹಾನೆಸ್ ಮ್ಯೂಲರ್ ಆ ಕಾಲದ ದೊಡ್ಡ ಶರೀರಶಾಸ್ತ್ರಜ್ಞ. ನರದ ಸಂದೇಶದ ವೇಗವನ್ನು ಅಳೆಯುವುದು ಮನುಷ್ಯನಿಂದ ಆಗುವ ಕೆಲಸವಲ್ಲ ಎಂದು ಗುರು ನಂಬಿದ್ದ. ಶಿಷ್ಯ ಒಂದು ಕಪ್ಪೆಯ ಕಾಲನ್ನು ತೆಗೆದುಕೊಂಡು ಅಳೆದೇಬಿಟ್ಟ.

ಅವನು ಮಾಡಿದ ಉಪಾಯ ಎಷ್ಟು ಸರಳ ನೋಡಿ. ಕಪ್ಪೆಯ ಕಾಲಿನ ಸ್ನಾಯುವಿಗೆ ಅಂಟಿಕೊಂಡ ಉದ್ದನೆಯ ನರ. ನರದ ಮೇಲೆ ಸ್ನಾಯುವಿಗೆ ಹತ್ತಿರ ಒಂದು ಕಡೆ ವಿದ್ಯುತ್ತು ತಾಗಿಸಿದ. ಸ್ನಾಯು ಸೆಟೆದುಕೊಳ್ಳಲು ಹಿಡಿದ ಹೊತ್ತನ್ನು ಅಳೆದ. ಆಮೇಲೆ ದೂರದಲ್ಲಿ ಇನ್ನೊಂದು ಕಡೆ ತಾಗಿಸಿದ. ಈಗ ಹಿಡಿದ ಹೊತ್ತು ಸ್ವಲ್ಪ ಹೆಚ್ಚು. ದೊಡ್ಡದರಿಂದ ಚಿಕ್ಕದನ್ನು ಕಳೆದ. ಉಳಿದದ್ದು ಎರಡು ಜಾಗಗಳ ನಡುವೆ ನರದಲ್ಲಿ ಹರಿಯಲು ಹಿಡಿದ ಹೊತ್ತು ಮಾತ್ರ. ಸ್ನಾಯು ತಾನೇ ತೆಗೆದುಕೊಂಡ ಸಮಯ ಎರಡರಲ್ಲೂ ಒಂದೇ, ಆದ್ದರಿಂದ ಅದು ಹೊಡೆದುಹೋಯಿತು. ಶಾಲೆಯ ಮಗು ಮಾಡುವ ಕಳೆಯುವ ಲೆಕ್ಕ. ಬಂದ ಉತ್ತರ ಸೆಕೆಂಡಿಗೆ ಸುಮಾರು 30 ಮೀಟರ್. ಬೆಳಕಿನ ವೇಗದಲ್ಲಿ ಓಡುತ್ತದೆ ಎಂದು ಜನ ಊಹಿಸಿದ್ದು ಗಾಳಿಯಲ್ಲಿ ಸಾಗುವ ಶಬ್ದಕ್ಕಿಂತಲೂ ನಿಧಾನವಾಗಿತ್ತು.

ಮುಂದೆ 1860ರ ದಶಕದಲ್ಲಿ ಅದೇ ಹೆಲ್ಮ್‌ಹೋಲ್ಟ್ಸ್, ಬಾಕ್ಸ್ಟ್ ಎಂಬ ಜೊತೆಗಾರನೊಂದಿಗೆ, ಮನುಷ್ಯರ ಕೈಯಲ್ಲೂ ಅಳೆದ. ಯಾವ ನರ ಆರಿಸಿಕೊಂಡರು ಎಂದುಕೊಂಡಿರಿ? ಇದೇ ಮೀಡಿಯನ್ ನರ. ನೋಡಿದ್ದು ಹೆಬ್ಬೆರಳಿನ ಬುಡದ ಸ್ನಾಯುವನ್ನು. ಇವತ್ತಿಗೂ ನಾವು ಅದೇ ನರ, ಅದೇ ಸ್ನಾಯು, ಅದೇ ಕಳೆಯುವ ಲೆಕ್ಕ ಬಳಸುತ್ತೇವೆ. ಯಂತ್ರ ಮಾತ್ರ ಬದಲಾಗಿದೆ.

ಇತ್ತ ರೋಗದ ಕಥೆ ಬೇರೆ ದಾರಿಯಲ್ಲಿ ನಡೆದಿತ್ತು. ಲಂಡನ್ನಿನ ಜೇಮ್ಸ್ ಪ್ಯಾಜೆಟ್ ಎಂಬ ಶಸ್ತ್ರವೈದ್ಯ 1850ರ ದಶಕದಲ್ಲಿ, ಮಣಿಕಟ್ಟಿನ ಬಳಿ ಮೂಳೆ ಮುರಿದ ಮೇಲೆ ಈ ನರ ಒತ್ತಿಕೊಂಡದ್ದನ್ನು ಬರೆದಿಟ್ಟ. 1913ರಲ್ಲಿ ಫ್ರಾನ್ಸಿನ ಪಿಯೆರ್ ಮಾರೀ ಮತ್ತು ಶಾರ್ಲ್ ಫ್ವಾ ಎಂಬ ಇಬ್ಬರು ವೈದ್ಯರು, ತೀರಿಕೊಂಡ ಒಬ್ಬ ವೃದ್ಧರ ಕೈಗಳನ್ನು ಬಿಡಿಸಿ ನೋಡಿದರು. ಹೆಬ್ಬೆರಳಿನ ಬುಡದ ಮಾಂಸ ಬತ್ತಿತ್ತು. ಸುರಂಗದ ಬಾಯಿಯ ಹತ್ತಿರ ನರ ಗಂಟಿನಂತೆ ಊದಿತ್ತು. ಮುಚ್ಚಿಗೆಯ ಪಟ್ಟಿಯನ್ನು ಕೊಯ್ದುಬಿಟ್ಟರೆ ಇದನ್ನು ತಡೆಯಬಹುದೇನೋ ಎಂದು ಅವರು ಆಗಲೇ ಬರೆದರು. ಆ ಮಾತು ಬಹಳ ಕಾಲ ಯಾರ ಕಿವಿಗೂ ಬೀಳಲಿಲ್ಲ. ಕೊನೆಗೆ 1956ರಲ್ಲಿ ಬ್ರಿಟನ್ನಿನ ಸಿಂಪ್ಸನ್ ಎಂಬ ನರವೈದ್ಯರು ಎರಡೂ ಕಥೆಗಳನ್ನು ಕೂಡಿಸಿದರು. ಈ ರೋಗಿಗಳಲ್ಲಿ ಸಂದೇಶ ಮಣಿಕಟ್ಟಿನಲ್ಲೇ ತಡವಾಗುತ್ತದೆ ಎಂದು ಅಳೆದು ತೋರಿಸಿದರು. ಎರಡು ವರ್ಷಕ್ಕೆ ಗಿಲಿಯಾಟ್ ಮತ್ತು ಸಿಯರ್ಸ್ ಎಂಬಿಬ್ಬರು ಸ್ಪರ್ಶದ ತಂತುಗಳಲ್ಲೂ ಅದನ್ನೇ ಕಂಡರು.

ಕಥೆ ಸಾಕು. ಸಾರ ಇಷ್ಟೆ: ನರದ ವೇಗ ಅಳೆಯಬಹುದು, ಎರಡು ಜಾಗಗಳ ನಡುವೆ ಹಿಡಿದ ಹೊತ್ತನ್ನು ಕಳೆದು ತಿಳಿಯಬಹುದು. ಈಗ ಪರೀಕ್ಷೆಯ ಕೋಣೆಗೆ ಹೋಗೋಣ.

ಚಿಕ್ಕ ಕೋಣೆ. ಒಂದು ಮಂಚ, ಒಂದು ಕಂಪ್ಯೂಟರ್. ನಿಮ್ಮನ್ನು ಮಲಗಿಸುತ್ತಾರೆ, ಇಲ್ಲವೇ ಕುರ್ಚಿಯಲ್ಲಿ ಕೂರಿಸುತ್ತಾರೆ. ಹೆಬ್ಬೆರಳಿನ ಬುಡಕ್ಕೆ ಬಿಲ್ಲೆಯಂಥ ಒಂದು ತುಣುಕನ್ನು ಅಂಟಿಸುತ್ತಾರೆ. ಅದರಿಂದ ತಂತಿ ಯಂತ್ರಕ್ಕೆ ಹೋಗುತ್ತದೆ. ಅದು ಕೇಳಿಸಿಕೊಳ್ಳುವ ತುಣುಕು, ವಿದ್ಯುತ್ತು ಕೊಡುವುದಲ್ಲ. ಕೊಡುವುದು ಬೇರೆ ಸಾಧನ. ಕೈಯಲ್ಲಿ ಹಿಡಿಯುವಷ್ಟು ದಪ್ಪ, ತುದಿಯಲ್ಲಿ ಎರಡು ಮೊಂಡು ಕಡ್ಡಿ. ಅದನ್ನು ಮಣಿಕಟ್ಟಿನ ಮೇಲೆ, ಸುರಂಗ ಶುರುವಾಗುವುದಕ್ಕೆ ಸ್ವಲ್ಪ ಮೊದಲು, ಒತ್ತಿ ಹಿಡಿಯುತ್ತಾರೆ. ಟಿಕ್ ಎನ್ನುವ ಸದ್ದು. ನೀವು ಏನೂ ಮಾಡದೆಯೇ ನಿಮ್ಮ ಹೆಬ್ಬೆರಳು ಎಗರುತ್ತದೆ. ಮೊದಲ ಸಲ ಎಲ್ಲರೂ ನಗುತ್ತಾರೆ. ಎರಡನೆಯ ಸಲ ಸ್ವಲ್ಪ ಜೋರಾಗಿ ಕೊಟ್ಟಾಗ ನಗು ಕಡಿಮೆಯಾಗುತ್ತದೆ. ಆಮೇಲೆ ಮೊಣಕೈಯ ಒಳಮಗ್ಗುಲಲ್ಲಿ ಅದೇ ಕೆಲಸ.

ಹೆದರುವವರಿಗೆ ಒಂದು ಮಾತು. ಮಿದುಳಿಗೆ ಕೊಡುವ ಶಾಕ್ ಚಿಕಿತ್ಸೆಗೂ ಇದಕ್ಕೂ ಯಾವ ನಂಟೂ ಇಲ್ಲ. ಇಲ್ಲಿ ಒಂದೊಂದು ಮಿಡಿತವೂ ಸೆಕೆಂಡಿನ ಐದು ಸಾವಿರದಲ್ಲಿ ಒಂದು ಭಾಗ, ಅಥವಾ ಅದಕ್ಕೂ ಕಡಿಮೆ ಹೊತ್ತು ಇರುತ್ತದೆ. ಚುರುಕ್ ಎನ್ನುತ್ತದೆ, ಹೋಗುತ್ತದೆ. ನರಕ್ಕೆ ಹಾನಿಯಿಲ್ಲ. ಬಸಿರಿಯರಿಗೂ ಮಾಡಬಹುದು.

ಪರದೆಯ ಮೇಲೆ ಏನು ಕಾಣುತ್ತದೆ? ಎಡದಿಂದ ಬಲಕ್ಕೆ ಹೋಗುವ ಒಂದು ನೇರ ಗೆರೆ. ಟಿಕ್ ಎಂದ ಕ್ಷಣದಲ್ಲಿ ಒಂದು ಚಿಕ್ಕ ಮುಳ್ಳು. ಆಮೇಲೆ ಗೆರೆ ಸ್ವಲ್ಪ ದೂರ ಸಪಾಟಾಗಿ ಹೋಗಿ, ಒಮ್ಮೆಲೇ ಮೇಲೆದ್ದು ಕೆಳಗಿಳಿಯುತ್ತದೆ. ಮುಳ್ಳಿನಿಂದ ಏರು ಶುರುವಾಗುವವರೆಗಿನ ಸಪಾಟು ಭಾಗವೇ ಸಂದೇಶಕ್ಕೆ ಹಿಡಿದ ಸಮಯ. ಏರಿನ ಎತ್ತರ ಎಷ್ಟು ತಂತುಗಳು ಉತ್ತರ ಕೊಟ್ಟವು ಎಂಬುದರ ಲೆಕ್ಕ. ಇವೆರಡನ್ನೇ ನಾವು ನೋಡುವುದು: ಎಷ್ಟು ಹೊತ್ತು, ಎಷ್ಟು ಎತ್ತರ.

ಮುಂಗೈಯಲ್ಲಿ ಆರೋಗ್ಯವಾದ ನರದ ವೇಗ ಸೆಕೆಂಡಿಗೆ 50ರಿಂದ 60 ಮೀಟರ್. ಗಂಟೆಯ ಲೆಕ್ಕದಲ್ಲಿ ಸುಮಾರು 200 ಕಿಲೋಮೀಟರ್. ಮಣಿಕಟ್ಟಿನಲ್ಲಿ ಕೊಟ್ಟ ಮಿಡಿತ ಹೆಬ್ಬೆರಳಿನ ಸ್ನಾಯುವನ್ನು ಎಚ್ಚರಿಸಲು ಸುಮಾರು 4 ಮಿಲಿಸೆಕೆಂಡ್ ಸಾಕು, ಅಂದರೆ ಸೆಕೆಂಡಿನ ಸಾವಿರದಲ್ಲಿ ನಾಲ್ಕು ಭಾಗ. ಒತ್ತಿಕೊಂಡ ನರದಲ್ಲಿ ಅದು 5, 6, ಕೆಲವೊಮ್ಮೆ 8 ಆಗುತ್ತದೆ. ಅದೇ ರೋಗಿಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗಿನ ವೇಗ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ದಾರಿಯೆಲ್ಲ ಸಲೀಸು, ಕೊನೆಯ ತುಂಡಿನಲ್ಲಿ ಮಾತ್ರ ತಡ.

ಪರೀಕ್ಷೆಯಲ್ಲಿ ಸಮಯ ಮತ್ತು ಎತ್ತರ ನೋಡುತ್ತೇವೆ ಎಂದೆ. ಮುಂದಿನ ಮಾತು ಅಳೆಯುವ ದೂರದ್ದು. ಎಷ್ಟು ಉದ್ದದ ತುಂಡನ್ನು ಅಳೆಯಬೇಕು? ಉದ್ದ ಹೆಚ್ಚಿದಷ್ಟೂ ಒಳ್ಳೆಯದು ಎಂದು ತೋರಬಹುದು. ಹಾಗಿಲ್ಲ.

ಮಂಗಳೂರಿನಿಂದ ಬೆಂಗಳೂರಿಗೆ ಹೊರಟ ರಾತ್ರಿ ಬಸ್ಸನ್ನು ನೆನೆಸಿಕೊಳ್ಳಿ. ಶಿರಾಡಿ ಘಾಟಿಯಲ್ಲಿ ಒಂದು ಲಾರಿ ಕೆಟ್ಟು ನಿಂತು ಬಸ್ಸು ಅರ್ಧ ಗಂಟೆ ಕಾಯಿತು. ಬೆಂಗಳೂರಿಗೆ ಬಂದಮೇಲೆ ಒಟ್ಟು ದಾರಿ, ಒಟ್ಟು ಸಮಯ ಹಿಡಿದು ಸರಾಸರಿ ವೇಗ ತೆಗೆದರೆ ಆ ಅರ್ಧ ಗಂಟೆ ಲೆಕ್ಕದಲ್ಲಿ ಮುಳುಗಿಹೋಗುತ್ತದೆ. ಚಾಲಕ ನಿಧಾನ ಎಂದುಕೊಳ್ಳಬಹುದು. ಗುಂಡ್ಯದಿಂದ ಸಕಲೇಶಪುರದವರೆಗಿನ ತುಂಡನ್ನು ಮಾತ್ರ ಅಳೆದವರಿಗೆ ಎಲ್ಲಿ ತಡವಾಯಿತೆಂದು ತಟ್ಟನೆ ಗೊತ್ತಾಗುತ್ತದೆ. ನರದಲ್ಲೂ ಹಾಗೆಯೇ. ಬೆರಳಿನಿಂದ ಮೊಣಕೈವರೆಗೆ ಒಟ್ಟಿಗೆ ಅಳೆದರೆ, ಸುರಂಗದ ಮೂರು ನಾಲ್ಕು ಸೆಂಟಿಮೀಟರಿನ ತಡ ಕಾಣದೆ ಹೋಗಬಹುದು. ಅದಕ್ಕೇ ಅಂಗೈಯ ನಡುವೆ ಮಿಡಿತ ಕೊಟ್ಟು, ಬರೇ 8 ಸೆಂಟಿಮೀಟರ್ ಆಚೆ ಮಣಿಕಟ್ಟಿನಲ್ಲಿ ಕೇಳಿಸಿಕೊಳ್ಳುವ ಕ್ರಮವಿದೆ. ತೊಂದರೆ ಇನ್ನೂ ಚಿಕ್ಕದಾಗಿರುವಾಗಲೂ ಈ ಗಿಡ್ಡ ಅಳತೆ ಅದನ್ನು ಹಿಡಿಯುತ್ತದೆ.

ದೂರದ ಮಾತು ಮುಗಿಯಿತು. ಆದರೂ ಒಂದು ಪ್ರಶ್ನೆ ಉಳಿಯಿತು. ನನ್ನ ನರದ ವೇಗ, ನಿಮ್ಮ ನರದ ವೇಗ ಒಂದೇ ಅಲ್ಲ. ವಯಸ್ಸಾದಂತೆ ಇಳಿಯುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಮೈಯ ಎಲ್ಲ ನರಗಳೂ ಸ್ವಲ್ಪ ನಿಧಾನವಾಗಬಹುದು. ಕೈ ತಣ್ಣಗಿದ್ದರೂ ನಿಧಾನ. ಒಂದು ಡಿಗ್ರಿ ಸೆಲ್ಸಿಯಸ್ ಇಳಿದರೆ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಇಳಿಯುತ್ತದೆ. ಮಡಿಕೇರಿಯ ಡಿಸೆಂಬರಿನಲ್ಲಿ ಬೈಕು ಓಡಿಸಿಕೊಂಡು ಬಂದವರ ಕೈಯನ್ನು ಹಾಗೇ ಅಳೆದರೆ ಇಲ್ಲದ ರೋಗ ಹುಟ್ಟಿಕೊಳ್ಳುತ್ತದೆ! ಕೈಯ ಚರ್ಮ ಸುಮಾರು 32 ಡಿಗ್ರಿ ಇರಬೇಕು. ಇಲ್ಲದಿದ್ದರೆ ಬಿಸಿನೀರಿನಲ್ಲಿ ಅದ್ದಿಸಿಯಾದರೂ ಬೆಚ್ಚಗೆ ಮಾಡಿ ಅಳೆಯಬೇಕು. ಪರೀಕ್ಷೆಗೆ ಮೊದಲು ನಿಮ್ಮ ಕೈ ಮುಟ್ಟಿ ನೋಡದ, ಒಂದು ಪ್ರಶ್ನೆಯನ್ನೂ ಕೇಳದ ಜಾಗದ ವರದಿಯನ್ನು ನಾನು ಸಲೀಸಾಗಿ ನಂಬುವುದಿಲ್ಲ.

ಹಾಗಾದರೆ ಯಾರ ಜೊತೆ ಯಾರನ್ನು ಹೋಲಿಸುವುದು? ಉತ್ತರ ನಿಮ್ಮ ಉಂಗುರದ ಬೆರಳಿನಲ್ಲೇ ಇದೆ. ಈ ಪರೀಕ್ಷೆಯಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು.

ಶುರುವಿನಲ್ಲಿ ಹೇಳಿದೆ, ಉಂಗುರದ ಬೆರಳಿನ ಅರ್ಧ ಮಾತ್ರ ಮೀಡಿಯನ್ ನರದ್ದು. ಇನ್ನರ್ಧ, ಕಿರುಬೆರಳಿನ ಕಡೆಯದು, ಅಲ್ನಾರ್ ಎಂಬ ಇನ್ನೊಂದು ನರದ್ದು. ಮೊಣಕೈ ಎಲ್ಲಾದರೂ ತಗುಲಿದಾಗ ಕಿರುಬೆರಳಿನವರೆಗೆ ಝುಂ ಎನ್ನುತ್ತದಲ್ಲ, ಆ ನರ. ಅದು ಸುರಂಗದೊಳಗೆ ಹೋಗುವುದಿಲ್ಲ. ಹೊರಗಿನಿಂದ ಬರುತ್ತದೆ. ಈಗ ಉಂಗುರದ ಬೆರಳಿಗೆ ಮಿಡಿತ ಕೊಡುವ ಒಂದು ಸುರುಳಿ ತೊಡಿಸುತ್ತಾರೆ. ಒಂದೇ ದೂರದಲ್ಲಿ, ಸುಮಾರು 14 ಸೆಂಟಿಮೀಟರ್ ಆಚೆ, ಎರಡೂ ನರಗಳ ಮೇಲೆ ಬೇರೆ ಬೇರೆಯಾಗಿ ಕೇಳಿಸಿಕೊಳ್ಳುತ್ತಾರೆ. ಬೆರಳು ಒಂದೇ. ವಯಸ್ಸು ಒಂದೇ. ಚಳಿಯೋ ಸೆಕೆಯೋ ಅದೂ ಒಂದೇ. ಸಕ್ಕರೆ ಕಾಯಿಲೆ ಇದ್ದರೆ ಎರಡಕ್ಕೂ ಇದೆ. ದಾರಿ ಮಾತ್ರ ಬೇರೆ. ಒಂದು ಸುರಂಗದ ಒಳಗಿನಿಂದ, ಇನ್ನೊಂದು ಹೊರಗಿನಿಂದ. ಆರೋಗ್ಯವಾದ ಕೈಯಲ್ಲಿ ಎರಡೂ ಹೆಚ್ಚುಕಡಿಮೆ ಒಟ್ಟಿಗೆ ತಲುಪುತ್ತವೆ. ಮೀಡಿಯನ್ ನರದ ಸಂದೇಶ ಅರ್ಧ ಮಿಲಿಸೆಕೆಂಡಿನಷ್ಟು ಹಿಂದೆ ಬಿದ್ದರೂ ಸಾಕು, ತಡ ಎಲ್ಲಿ ಎಂದು ಬೇರೆ ಹೇಳಬೇಕಿಲ್ಲ. ಪರರ ಕೈಯ ಅಳತೆ ನಮಗೆ ಬೇಕೇ ಆಗಲಿಲ್ಲ.

ಇಷ್ಟು ಹೊತ್ತು ತಡದ ಮಾತಾಯಿತು. ಎಲ್ಲಿ ತಡ ಎಂದು ಹೇಗೆ ಹಿಡಿಯುತ್ತೇವೆ ಎಂದು ಹೇಳಿದೆ. ಇನ್ನು ಎಷ್ಟು ಕೆಟ್ಟಿದೆ ಎಂಬ ಮಾತು.

ನರದ ಒಳಗೆ ಸಾವಿರಾರು ತಂತುಗಳು. ದಪ್ಪ ತಂತುಗಳ ಮೇಲೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ. ಹೊದಿಕೆ ಅಲ್ಲಲ್ಲಿ ಬಿಟ್ಟುಬಿಟ್ಟು ಇರುತ್ತದೆ. ಸಂದೇಶ ಒಂದು ಬಿಡುವಿನಿಂದ ಮತ್ತೊಂದಕ್ಕೆ ನೆಗೆದು ನೆಗೆದು ಹೋಗುವುದರಿಂದ ಅಷ್ಟು ವೇಗ. ಒತ್ತಡ ಬಿದ್ದಾಗ ಮೊದಲು ಕೆಡುವುದು ಆ ಹೊದಿಕೆ. ನೆಗೆಯುವುದು ಕಷ್ಟವಾಗುತ್ತದೆ, ತಡವಾಗುತ್ತದೆ, ಆದರೆ ಸಂದೇಶ ತಲುಪುತ್ತದೆ. ಪರದೆಯ ಮೇಲೆ ಏರು ದೂರ ಸರಿದಿರುತ್ತದೆ, ಎತ್ತರ ಬಹಳ ಇಳಿದಿರುವುದಿಲ್ಲ. ಒತ್ತಡ ಹೋದರೆ ಹೊದಿಕೆ ಮತ್ತೆ ಬೆಳೆಯುತ್ತದೆ. ಒತ್ತಡ ವರ್ಷಗಟ್ಟಲೆ ಮುಂದುವರಿದರೆ ತಂತುವೇ ಸಾಯುತ್ತದೆ. ಆಗ ಏರಿನ ಎತ್ತರ ಕುಗ್ಗುತ್ತದೆ. ಕೊನೆಗೆ ಗೆರೆ ಏಳುವುದೇ ಇಲ್ಲ. ಹೊರಗೆ ಹೆಬ್ಬೆರಳಿನ ಬುಡ ಬತ್ತಿ ಹಳ್ಳ ಬಿದ್ದಿರುತ್ತದೆ. ಗುಂಡಿ ಹಾಕಲು, ಸೂಜಿ ಹಿಡಿಯಲು ಆಗುವುದಿಲ್ಲ. ವಿಚಿತ್ರವೆಂದರೆ ಈ ಹಂತದಲ್ಲಿ ಕೆಲವರಿಗೆ ರಾತ್ರಿಯ ನೋವು ಕಡಿಮೆಯಾಗಿರುತ್ತದೆ. "ಈಗ ವಾಸಿ ಡಾಕ್ಟ್ರೇ" ಎನ್ನುತ್ತಾರೆ. ವಾಸಿಯಾಗಿಲ್ಲ. ನೋವನ್ನು ಹೇಳುತ್ತಿದ್ದ ತಂತುಗಳೇ ಹೋಗಿವೆ.

ಸಾಮಾನ್ಯವಾಗಿ ಸ್ಪರ್ಶದ ತಂತುಗಳು ಮೊದಲು ಕೆಡುತ್ತವೆ, ಸ್ನಾಯುವಿನವು ಆಮೇಲೆ. ಸ್ಪರ್ಶದ್ದು ಸರಿಯಾಗಿದ್ದು ಸ್ನಾಯುವಿನದು ಮಾತ್ರ ಕೆಟ್ಟಿದ್ದರೆ ನಾವು ಬೇರೆ ಕಡೆ ಹುಡುಕುತ್ತೇವೆ. ಕೆಲವು ಸಲ ಸಣ್ಣ ಸೂಜಿಯೊಂದನ್ನು ಸ್ನಾಯುವಿನೊಳಗೆ ಇಟ್ಟು ಅದರ ವಿದ್ಯುತ್ತಿನ ಸದ್ದು ಕೇಳುವುದೂ ಉಂಟು. ಇಎಂಜಿ ಎನ್ನುತ್ತಾರೆ. ಎಲ್ಲರಿಗೂ ಬೇಕಿಲ್ಲ.

ತಡ ಮತ್ತು ಎತ್ತರ, ಇವೆರಡರಿಂದ ಜಾಗವೂ ಗೊತ್ತಾಯಿತು, ಹಾನಿಯೂ ಗೊತ್ತಾಯಿತು. ಈಗ ಕತ್ತಿನ ಮಾತಿಗೆ ಬರೋಣ. ಆ ಅಡಿಕೆ ಸುಲಿಯುವ ತಾಯಿಗೆ ಕತ್ತಿನ ಪಟ್ಟಿ ಹಾಕಿದ್ದರಲ್ಲ, ಅದು.

ಕತ್ತಿನಲ್ಲಿ ಡಿಸ್ಕ್ ಸರಿದು ನರದ ಬೇರನ್ನು ಒತ್ತಿದರೂ ಹೆಬ್ಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ಬೇರ್ಪಡಿಸುವುದು ಹೇಗೆ? ಸ್ಪರ್ಶದ ತಂತುವಿನ ಮೂಲಕೋಶ ಬೆನ್ನುಹುರಿಯ ಒಳಗಿಲ್ಲ. ಹುರಿಯ ಪಕ್ಕದಲ್ಲಿ, ಸ್ವಲ್ಪ ಹೊರಗೆ, ಒಂದು ಗಂಟಿನಲ್ಲಿದೆ. ಡಿಸ್ಕ್ ಒತ್ತುವುದು ಸಾಮಾನ್ಯವಾಗಿ ಆ ಗಂಟಿಗಿಂತ ಒಳಗೆ. ಅಂದರೆ ಗಂಟಿನಿಂದ ಬೆರಳಿನವರೆಗಿನ ತಂತುವಿಗೆ ಏನೂ ಆಗಿರುವುದಿಲ್ಲ. ಅದಕ್ಕೆ ಪೋಷಣೆ ಬರುತ್ತಲೇ ಇದೆ. ಹಾಗಾಗಿ ಕತ್ತಿನ ತೊಂದರೆಯಿಂದ ಬೆರಳು ಮರಗಟ್ಟಿದ್ದರೂ, ಆ ಬೆರಳಿಗೆ ಮಿಡಿತ ಕೊಟ್ಟರೆ ಮಣಿಕಟ್ಟಿನಲ್ಲಿ ಉತ್ತರ ಪೂರಾ ಸರಿಯಾಗಿ ಬರುತ್ತದೆ. ರೋಗಿಗೆ ಸ್ಪರ್ಶವಿಲ್ಲ, ಯಂತ್ರಕ್ಕೆ ಸ್ಪರ್ಶ ಕೇಳಿಸುತ್ತದೆ! ಹೀಗೆ ಕಂಡರೆ ತಪ್ಪು ಮೇಲೆಲ್ಲೋ ಇದೆ ಎಂದರ್ಥ. ಮಣಿಕಟ್ಟಿನಲ್ಲೇ ತಡ ಸಿಕ್ಕಿದರೆ ಕುತ್ತಿಗೆಯ ಪಟ್ಟಿಯನ್ನು ಬಿಚ್ಚಿಡಬಹುದು. ಎರಡೂ ಒಟ್ಟಿಗೆ ಇರುವವರೂ ಇದ್ದಾರೆ, ಅವರ ವಿಷಯದಲ್ಲಿ ಆತುರ ಕೂಡದು.

ಕೈಯ ಎಲ್ಲ ನರಗಳೂ, ಕಾಲಿನವೂ ನಿಧಾನವಾಗಿದ್ದರೆ ಸಕ್ಕರೆ ಕಾಯಿಲೆಯಂಥ ಮೈಯೆಲ್ಲ ಹಬ್ಬಿದ ಕಾರಣ ಹುಡುಕುತ್ತೇವೆ. ಮೊಣಕೈ ಹತ್ತಿರ ನರ ದಪ್ಪಗಾಗಿದ್ದು, ಚರ್ಮದ ಮೇಲೆ ಸ್ಪರ್ಶವಿಲ್ಲದ ಮಚ್ಚೆ ಇದ್ದರೆ ಕುಷ್ಠರೋಗವನ್ನು ನಮ್ಮ ದೇಶದ ವೈದ್ಯರು ಮರೆಯುವಂತಿಲ್ಲ. ಅದಕ್ಕೆ ಸರ್ಕಾರ ಉಚಿತವಾಗಿ ಔಷಧ ಕೊಡುತ್ತದೆ, ವಾಸಿಯೂ ಆಗುತ್ತದೆ. ಇನ್ನು, ಕೈ ಇದ್ದಕ್ಕಿದ್ದಂತೆ ಸೋತು, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ಈ ಪರೀಕ್ಷೆಯ ಮಾತೇ ಬೇಡ. ಅದು ಪಾರ್ಶ್ವವಾಯು. ಆ ನಿಮಿಷವೇ ಆಸ್ಪತ್ರೆಗೆ ಓಡಬೇಕು.

ಪರೀಕ್ಷೆ ಏನು ಹೇಳುತ್ತದೆ ಎಂದು ಕೇಳಿದಿರಿ. ಏನು ಹೇಳುವುದಿಲ್ಲ ಎಂದೂ ಕೇಳಿ. ನೋವು ಎಷ್ಟೆಂದು ಅದು ಹೇಳುವುದಿಲ್ಲ. ವರದಿಯಲ್ಲಿ ಸ್ವಲ್ಪವೇ ತಡವಿದ್ದು ರಾತ್ರಿಯಿಡೀ ಒದ್ದಾಡುವವರಿದ್ದಾರೆ. ಬಹಳ ತಡವಿದ್ದು ನೆಮ್ಮದಿಯಾಗಿ ಮಲಗುವವರೂ ಇದ್ದಾರೆ. ರೋಗದ ಲಕ್ಷಣ ಸ್ಪಷ್ಟವಾಗಿರುವ ನೂರು ಜನರಲ್ಲಿ ಸುಮಾರು ಹತ್ತರಿಂದ ಇಪ್ಪತ್ತು ಜನರ ವರದಿ ಸರಿಯಾಗಿಯೇ ಬರಬಹುದು. ಅವರಿಗೆ ನಿಮಗೇನೂ ಇಲ್ಲ, ಮನಸ್ಸಿನ ಭ್ರಮೆ ಎಂದು ಹೇಳಿ ಕಳಿಸುವುದು ಅನ್ಯಾಯ. ರಾತ್ರಿ ಕೈ ಕೊಡವುವ ಮಾತೇ ಅಲ್ಲಿ ದೊಡ್ಡ ಸಾಕ್ಷಿ. ಹಾಗೆಯೇ ಏನೂ ತೊಂದರೆ ಇಲ್ಲದವರ ಕೈಯಲ್ಲೂ ಕೆಲವೊಮ್ಮೆ ಚೂರು ತಡ ಕಾಣುತ್ತದೆ. ದೂರಿಲ್ಲದ ಕೈಗೆ ವರದಿ ನೋಡಿ ಕತ್ತರಿ ಹಿಡಿಯಬಾರದು. ಇತ್ತೀಚೆಗೆ ಅಲ್ಟ್ರಾಸೌಂಡ್‌ನಲ್ಲಿ ನರವನ್ನೇ ನೋಡುವ ಕ್ರಮ ಬಂದಿದೆ. 1913ರಲ್ಲಿ ಆ ಫ್ರೆಂಚ್ ವೈದ್ಯರು ಸತ್ತವರ ಕೈಯಲ್ಲಿ ಕಂಡ ಊತವನ್ನು ಬದುಕಿರುವವರ ಕೈಯಲ್ಲೇ ಕಾಣಬಹುದು. ಎರಡೂ ಪರೀಕ್ಷೆ ಒಂದಕ್ಕೊಂದು ಆಸರೆ.

ಇನ್ನು ಹೋಗುವವರಿಗೆ ನಾಲ್ಕು ಮಾತು. ಉಪವಾಸ ಬೇಡ, ತಿಂಡಿ ತಿಂದೇ ಹೋಗಿ. ಅವತ್ತು ಕೈಗೆ ಎಣ್ಣೆ, ಕ್ರೀಮು ಹಚ್ಚಬೇಡಿ, ಬಿಲ್ಲೆ ಅಂಟುವುದಿಲ್ಲ. ಬಳೆ, ಉಂಗುರ, ಗಡಿಯಾರ ಮನೆಯಲ್ಲೇ ಬಿಟ್ಟುಹೋದರೆ ಒಳ್ಳೆಯದು. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಪೇಸ್‌ಮೇಕರ್ ಇದ್ದವರಿಗೂ ಕೈಯ ಪರೀಕ್ಷೆಯನ್ನು ಸಾಮಾನ್ಯವಾಗಿ ಮಾಡಬಹುದು, ಆದರೆ ಮಾಡುವವರಿಗೆ ತಿಳಿದಿರಬೇಕು. ಪರೀಕ್ಷೆಯ ಹೊತ್ತಿಗೆ ಕೈ ಸಡಿಲ ಬಿಡಿ. ಸ್ಪರ್ಶದ ಸಂದೇಶ ಸ್ನಾಯುವಿನದಕ್ಕಿಂತ ನೂರಾರು ಪಟ್ಟು ಚಿಕ್ಕದು, ಮುಷ್ಟಿ ಬಿಗಿದರೆ ಆ ಗದ್ದಲದಲ್ಲಿ ಅದು ಕೇಳಿಸುವುದಿಲ್ಲ. ಒಟ್ಟು ಅರ್ಧ ಗಂಟೆಯ ಕೆಲಸ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾತ್ರವಲ್ಲ, ವೈದ್ಯಕೀಯ ಕಾಲೇಜುಗಳ ದೊಡ್ಡ ಆಸ್ಪತ್ರೆಗಳಲ್ಲೂ ಮಾಡುತ್ತಾರೆ. ಎರಡೂ ಕೈ ಅಳೆಯಲಿ. ಈ ತೊಂದರೆ ಬಹಳ ಸಲ ಎರಡೂ ಕಡೆ ಇರುತ್ತದೆ.

ವರದಿ ಬಂದಮೇಲೆ ದಾರಿಗಳು ಸರಳ. ತಡ ಸ್ವಲ್ಪವಿದ್ದರೆ ರಾತ್ರಿ ಮಣಿಕಟ್ಟು ಮಡಿಸದಂತೆ ನೇರವಾಗಿ ಹಿಡಿಯುವ ಪಟ್ಟಿ. ಮಲಗಿದಾಗ ಕೈ ಮಡಚಿಕೊಂಡರೆ ಸುರಂಗದೊಳಗಿನ ಒತ್ತಡ ಏರುತ್ತದೆ, ಅದನ್ನು ಪಟ್ಟಿ ತಡೆಯುತ್ತದೆ. ಥೈರಾಯ್ಡ್, ಸಕ್ಕರೆ ನೋಡಿಸಿ ಸರಿಪಡಿಸಿಕೊಳ್ಳಬೇಕು. ಬಸಿರಿನಲ್ಲಿ ಬಂದದ್ದು ಹೆರಿಗೆಯ ನಂತರ ಬಹುಮಟ್ಟಿಗೆ ತಾನೇ ಇಳಿಯುತ್ತದೆ. ಪಟ್ಟಿಗೆ ಬಗ್ಗದಿದ್ದರೆ ಸುರಂಗದೊ­ಳಗೆ ಸ್ಟೀರಾಯ್ಡ್ ಚುಚ್ಚುಮದ್ದು. ತಂತುಗಳು ಸಾಯುತ್ತಿವೆ ಎಂದು ವರದಿ ಹೇಳಿದರೆ, ಹೆಬ್ಬೆರಳಿನ ಬುಡ ಬತ್ತುತ್ತಿದ್ದರೆ ಶಸ್ತ್ರಚಿಕಿತ್ಸೆಗೆ ಮೀನಮೇಷ ಎಣಿಸಬಾರದು. ಮುಚ್ಚಿಗೆಯ ಪಟ್ಟಿಯನ್ನು ಕೊಯ್ದು ಜಾಗ ಮಾಡಿಕೊಡುತ್ತಾರೆ. ಕೈಗೆ ಮಾತ್ರ ಮರಗಟ್ಟಿಸುವ ಮದ್ದು ಸಾಕು. ಸಾಮಾನ್ಯವಾಗಿ ಅವತ್ತೇ ಮನೆಗೆ ಹೋಗಬಹುದು.

ಶಸ್ತ್ರಚಿಕಿತ್ಸೆಯಾದವರು ಕೆಲವು ತಿಂಗಳ ಮೇಲೆ ಬಂದು ಮತ್ತೆ ಪರೀಕ್ಷೆ ಮಾಡಿ ಎನ್ನುತ್ತಾರೆ. ರಾತ್ರಿ ನಿದ್ದೆ ಬರುತ್ತಿದ್ದರೆ, ಬೆರಳಿಗೆ ಸ್ಪರ್ಶ ಮರಳಿದ್ದರೆ ಅದರ ಅಗತ್ಯವಿಲ್ಲ. ಕೈ ಪೂರ್ತಿ ಸುಧಾರಿಸಿದ ಮೇಲೂ ಕೆಲವರ ವರದಿಯಲ್ಲಿ ಚೂರು ತಡ ಉಳಿದೇ ಇರುತ್ತದೆ. ಅದನ್ನು ನೋಡಿ ಗಾಬರಿಪಡುವ ಕಾರಣವಿಲ್ಲ. ಜೋಮು ಹೋಗದೆ ಉಳಿದರೆ, ಹೋದದ್ದು ಮರಳಿ ಬಂದರೆ ಆಗ ಅಳೆಯಬೇಕು. ಅದಕ್ಕಾಗಿ ಮೊದಲ ವರದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಹಳೆಯ ಅಳತೆ ಕೈಯಲ್ಲಿದ್ದರೆ ಹೊಸದನ್ನು ಓದುವುದು ನಮಗೆ ಸುಲಭ.